ನಮ್ಮ ಬಾಗಿಲಿನ ಅಂಕಿ

ನಮ್ಮೂರಿನಲ್ಲಿ ಇರುವುದು ಒಂದೇ ಬೀದಿ. ಗುಡ್ಡದ ತಲೆಯ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಶುರುವಾಗಿ, ಸುತ್ತಿ ಸುತ್ತಿ ಕೆಳಗಿಳಿದು, ಕೆರೆ ಏರಿಗೆ ಬಂದು ನಿಲ್ಲುತ್ತದೆ. ಮನೆಗಳು ಇನ್ನೂರ ಹನ್ನೆರಡು. ನಮ್ಮದು ಇನ್ನೂರ ಆರನೆಯದು. ನಾನು ಊರಿನ ನೀರುಗಂಟಿ. ದಿನಾ ಬೆಳಿಗ್ಗೆ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಬೀದಿ ಹತ್ತುವುದು, ಹನ್ನೊಂದು ವಾಲ್ವುಗಳನ್ನು ಒಂದೊಂದಾಗಿ ತಿರುಗಿಸಿ ಮನೆಗಳಿಗೆ ನೀರು ಬಿಡುವುದು, ಆಮೇಲೆ ಒಂದೊಂದಾಗಿ ಮುಚ್ಚುತ್ತಾ ಇಳಿಯುವುದು. ಹತ್ತೊಂಬತ್ತು ವರ್ಷದಿಂದ ಇದೇ ಆಯಿತು. ಮಂಡಿ ಎರಡೂ ಹೋಗಿವೆ. ನೀರು ಸಣ್ಣಗೆ ಬಂತು ಅಂತ ಬೈಯುವವರು ಬೇಕಾದಷ್ಟು ಜನ ಇದ್ದಾರೆ. ನಿನ್ನ ಕಾಲು ಹೇಗಿದೆಯೇ ದೇವೀರಿ ಅಂತ ಕೇಳಿದವರು ಇದುವರೆಗೆ ಇಬ್ಬರೋ ಮೂವರೋ ಇರಬಹುದು. ಇರಲಿ, ನಾನು ಹೇಳಲು ಹೊರಟಿದ್ದು ಕಾಲಿನ ವಿಷಯವಲ್ಲ.

ಪುಸ್ತಕವೂ ನೀರಿನ ಹಾಗೆ ಮೇಲಿನಿಂದಲೇ ಬರುತ್ತದೆ. ‘ಗಿರಣಿ ಮನೆ’ ಅಂತ ಅದರ ಹೆಸರು. ಮೂರು ವರ್ಷಕ್ಕೊಂದು ಭಾಗ, ಊರಿಗೆಲ್ಲ ಒಂದೇ ಪ್ರತಿ. ಮೊದಲನೇ ಮನೆಯಲ್ಲಿ ಒಂಬತ್ತು ದಿನ ಇದ್ದು ಹತ್ತನೇ ದಿನ ಎರಡನೇ ಮನೆಗೆ ಹೋಗುತ್ತದೆ. ಹೀಗೆ ಇಳಿಯುತ್ತಾ ಇಳಿಯುತ್ತಾ ನಮ್ಮ ಮನೆ ಮುಟ್ಟುವ ಹೊತ್ತಿಗೆ ಐದು ವರ್ಷ ಆಗಿರುತ್ತದೆ. ಮನೆಯಲ್ಲಿ ಹತ್ತು ತುಂಬಿದ ಹುಡುಗಿಯಿಂದ ಹಿಡಿದು ಮುದುಕಿಯವರೆಗೆ ಎಲ್ಲ ಹೆಂಗಸರೂ ಓದಿ, ಕೊನೆಯ ಪುಟದಲ್ಲಿ ಅರಿಸಿನದ ಬೆರಳು ಒತ್ತಬೇಕು. ಆಮೇಲೆ ಸರದಿ ನೋಡಿಕೊಳ್ಳುವ ಸುಬ್ಬಕ್ಕ ಬಂದು ಬಾಗಿಲ ಮೇಲಿನ ಹಳೆ ಅಂಕಿ ಒರೆಸಿ, ಸುಣ್ಣದಲ್ಲಿ ಹೊಸ ಅಂಕಿ ಬರೆಯುತ್ತಾಳೆ. ಬಾಗಿಲ ಮೇಲೆ ಒಂದೇ ಅಂಕಿ ಇರುವ ಮನೆಯವರು ತಮ್ಮತಮ್ಮಲ್ಲಿ ಪುಸ್ತಕದ ಮಾತು ಎಷ್ಟು ಬೇಕಾದರೂ ಆಡಬಹುದು. ಅಂಕಿ ಬೇರೆಯಾದರೆ ಅದರ ಹೆಸರೂ ಎತ್ತುವಂತಿಲ್ಲ. ಎತ್ತಿದರೆ ಎರಡೂ ಮನೆಯ ಸರದಿ ಹೋಯಿತು, ಮತ್ತೆ ಆ ಬಾಗಿಲಿಗೆ ಪುಸ್ತಕ ಬರುವುದಿಲ್ಲ.

ಇಷ್ಟಕ್ಕೆ ಊರು ಹೊಂದಿಕೊಂಡುಬಿಟ್ಟಿದೆ. ಮೇಲಿನ ಬೀದಿಯ ಹೆಂಗಸರು ಅಂಗಡಿಗೆ ಇಳಿದು ಬಂದರೆ ಉಪ್ಪು ಬೇಳೆ ಬಿಟ್ಟು ಬೇರೆ ಮಾತಾಡುವುದಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ಬಾಗಿಲ ಮೇಲಿನ ಅಂಕಿ ನೋಡುತ್ತಾರೆ. ಮೇಲಕ್ಕೆ ಹೋಗುವ ಹುಡುಗಿ ಅದೃಷ್ಟವಂತೆ, ಎರಡು ಭಾಗ ಬೇಗ ಸಿಗುತ್ತದೆ. ಕೆಳಕ್ಕೆ ಬರುವ ಹುಡುಗಿಗೆ ಕಷ್ಟ, ಗೊತ್ತಿದ್ದೂ ವರ್ಷಗಟ್ಟಲೆ ಬಾಯಿ ಹೊಲಿದುಕೊಂಡು ಇರಬೇಕು. ಗಂಡಸರು ಓದುವುದಿಲ್ಲ. ಅಂದರೆ, ಓದುವುದಿಲ್ಲ ಅಂತ ಹೇಳಿಕೊಳ್ಳುತ್ತಾರೆ. ಒಂದು ವರ್ಷ ಮೇಲಿನ ಬೀದಿಯ ಗಂಡಸರು ಮನೆಯಿಂದ ಮನೆಗೆ ಸಾಲಾಗಿ ಮಂಕಾಗುತ್ತಾ ಹೋದರು. ಕಟ್ಟೆಯ ಮೇಲೆ ಕೂತವರು ಚಹಾ ತಂದಿಟ್ಟರೂ ಕುಡಿಯುತ್ತಿರಲಿಲ್ಲ. ಏನೋ ಜ್ವರ ಹರಡಿದೆ ಅಂದುಕೊಂಡು ನಾನು ನೀರಿಗೆ ಔಷಧಿ ಹಾಕಿಸಿದೆ. ಐದು ವರ್ಷವಾದ ಮೇಲೆ ಎಂಟನೇ ಭಾಗ ನಮ್ಮ ಮನೆಗೆ ಬಂದು, ಗಿರಣಿಗೆ ಬೆಂಕಿ ಬಿದ್ದದ್ದನ್ನು ಓದಿದಾಗ ಆ ಜ್ವರ ಯಾವುದು ಅಂತ ಗೊತ್ತಾಯಿತು.

ಪುಸ್ತಕದಲ್ಲಿ ಇರುವುದಾದರೂ ಏನು? ಅನಸೂಯಾ ಅಂತ ಒಬ್ಬ ತಾಯಿ, ಹಿಟ್ಟಿನ ಗಿರಣಿ ನಡೆಸುತ್ತಾಳೆ. ಮೂವರು ಹೆಣ್ಣುಮಕ್ಕಳು. ದೊಡ್ಡವಳು ವಸುಮತಿ, ನಡುವಿನವಳು ಇಂದು, ಕಡೆಯವಳಿಗೆ ಗುಬ್ಬಿ ಅಂತಲೇ ಹೆಸರು. ಒಂದೇ ಕನ್ನಡಿ, ಮೂವರೂ ಅದರ ಮುಂದೆ ಜಗಳ ಕಾಯುತ್ತಾರೆ. ಇಂದು ಪರೀಕ್ಷೆಯಲ್ಲಿ ಫೇಲಾಗಿ ಅಂಕಪಟ್ಟಿಯನ್ನು ಜೋಳದ ಚೀಲದೊಳಗೆ ಬಚ್ಚಿಡುತ್ತಾಳೆ. ಗುಬ್ಬಿ ಅಕ್ಕಂದಿರ ಕಾಗದಗಳನ್ನು ಕದ್ದು ಓದಿ ಊರಿಗೆಲ್ಲ ಹೇಳುತ್ತಾಳೆ. ತಾಯಿ ಬೈದು ಬೈದು ಸುಸ್ತಾಗಿ, ಕೊನೆಗೆ ತಾನೇ ಅವರ ಜೊತೆ ಕೂತು ನಗುತ್ತಾಳೆ. ಅಷ್ಟೇ. ಮೊದಲ ಭಾಗ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು, ಗುಬ್ಬಿಗೆ ಹನ್ನೆರಡು. ನನಗೀಗ ನಲವತ್ತು, ಗುಬ್ಬಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಬರೆದ ಪುಣ್ಯಾತ್ಗಿತ್ತಿಗೆ ಅವರನ್ನು ಬೆಳೆಸಲು ಅದೇನು ಸಂಕಟವೋ.

ನಾನು ಮತ್ತು ನನ್ನ ಅಕ್ಕ ಕೆಂಪಾಜಿ ಮೊದಲ ಮೂರು ಭಾಗ ಒಟ್ಟಿಗೆ ಓದಿದೆವು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ನಡುಮನೆಯಲ್ಲಿ ಚಾಪೆ ಹಾಸಿ ಬೋರಲು ಮಲಗಿ ಒಂದೇ ಪುಟ ಇಬ್ಬರೂ ಓದುವುದು. ಅವಳು ಬೇಗ ಓದುತ್ತಿದ್ದಳು. ಪುಟದ ಕೊನೆ ಮುಟ್ಟಿ, ನಾನು ಬಂದು ಸೇರಲಿ ಅಂತ ಬೆರಳಿನಿಂದ ಚಾಪೆ ತಟ್ಟುತ್ತಾ ಕಾಯುತ್ತಿದ್ದಳು. ಒಂಬತ್ತು ದಿನ ಮುಗಿದು ಪುಸ್ತಕ ಪಕ್ಕದ ಮನೆಗೆ ಹೋದ ಮೇಲೂ ನಮ್ಮ ಮಾತು ಮುಗಿಯುತ್ತಿರಲಿಲ್ಲ. ಬಟ್ಟೆ ಒಗೆಯುವಾಗ ಅವಳು ವಸುಮತಿ, ನಾನು ಇಂದು. ಅವ್ವ ಬೈದರೆ, ನೋಡು ಅನಸೂಯಾ ಶುರು ಮಾಡಿದಳು ಅಂತ ನಗುತ್ತಿದ್ದೆವು. ನನಗೆ ಅಕ್ಕನ ಜೊತೆ ಆಡಲು ಬೇರೆ ಮಾತೇ ಬೇಕಾಗಿರಲಿಲ್ಲ. ಬೇರೆ ಮಾತು ಕಲಿಯಲೇ ಇಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಮೂರನೇ ಭಾಗದ ಕೊನೆಯಲ್ಲಿ ವಸುಮತಿಗೂ ತಾಯಿಗೂ ದೊಡ್ಡ ಜಗಳವಾಗುತ್ತದೆ. ಹೋಗುವುದಾದರೆ ಹೋಗು ಅನ್ನುತ್ತಾಳೆ ತಾಯಿ. ವಸುಮತಿ ಚೀಲ ಹಿಡಿದು ಹೊರಡುತ್ತಾಳೆ. ಗಿರಣಿ ಓಡುತ್ತಿರುತ್ತದೆ, ಅದರ ಸದ್ದಿನಲ್ಲಿ ಬಾಗಿಲು ತೆರೆದದ್ದು ತಾಯಿಗೆ ಕೇಳಿಸುವುದಿಲ್ಲ. ರಸ್ತೆಯ ತಿರುವಿನವರೆಗೆ ಹೋಗಿ ಹುಡುಗಿ ನಿಲ್ಲುತ್ತಾಳೆ. ಅಲ್ಲಿಗೆ ಭಾಗ ಮುಗಿಯಿತು. ನಾನೂ ಅಕ್ಕನೂ ಅತ್ತ ಅಳು ಅಷ್ಟಿಷ್ಟಲ್ಲ. ನಾಲ್ಕನೇ ಭಾಗ ಬರಲಿ, ಬರುತ್ತಾಳೋ ಇಲ್ಲವೋ ಇಬ್ಬರೂ ಒಟ್ಟಿಗೇ ನೋಡೋಣ ಅಂತ ಮಾತಾಡಿಕೊಂಡೆವು.

ಮರುವರ್ಷ ಅಕ್ಕನ ಮದುವೆಯಾಯಿತು. ಒಂಬತ್ತನೇ ನಂಬರಿನ ಮನೆ, ಟ್ಯಾಂಕಿನ ಬುಡದಲ್ಲೇ. ನಮ್ಮ ಬಾಗಿಲ ಮೇಲೆ ಮೂರು ಇದ್ದರೆ ಅವರ ಬಾಗಿಲ ಮೇಲೆ ನಾಲ್ಕು ಇತ್ತು, ಐದು ಬರುವುದರಲ್ಲಿತ್ತು. ಬೀದಿಯವರೆಲ್ಲ ಅವಳ ಕೆನ್ನೆ ಚಿವುಟಿ ಪುಣ್ಯ ಮಾಡಿದ್ದೆ ಅಂದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಅಂದಿನಿಂದ ನಾನೂ ಅವಳೂ ಸಿಕ್ಕರೆ ಪುಸ್ತಕದ ಹೆಸರು ಎತ್ತುವಂತಿರಲಿಲ್ಲ. ಹಬ್ಬಕ್ಕೆ ಬಂದಳು ಅನ್ನಿ, ಸಾರು ಚೆನ್ನಾಗಿದೆ ಅನ್ನುವುದು, ಸೆಖೆ ಜಾಸ್ತಿ ಅನ್ನುವುದು, ಆಮೇಲೆ ಇಬ್ಬರೂ ಗೋಡೆ ನೋಡುವುದು.

ಎರಡು ವರ್ಷಕ್ಕೆ ನಾಲ್ಕನೇ ಭಾಗ ನಮ್ಮ ಮನೆಗೆ ಬಂತು. ಅದರಲ್ಲಿ ಏನಿದೆ ಅಂತ ಅತ್ತೆಮನೆಯವರು ಅವಳಿಗೆ ಆಗಲೇ ಹೇಳಿರುತ್ತಾರೆ, ನಿಜ. ಆದರೂ ಒಂಬತ್ತು ದಿನದ ಮಟ್ಟಿಗೆ ತವರಿಗೆ ಬಂದು, ತನಗೆ ಗೊತ್ತಿಲ್ಲದ ಹಾಗೆ ನಟಿಸುತ್ತಾ ನನ್ನ ಪಕ್ಕ ಮಲಗಿ ಓದಬಾರದೇ? ತವರಿಗೆ ಬಂದವಳು ತವರಿನ ಪುಸ್ತಕ ಓದಿದರೆ ಯಾರೂ ಬೇಡ ಅನ್ನುವುದಿಲ್ಲ, ತುಟಿ ಎರಡು ಮಾಡದೆ ಓದಬೇಕು, ಅಷ್ಟೇ. ನಾನು ಹೇಳಿ ಕಳಿಸಿದೆ. ಆರು ದಿನ ಪುಸ್ತಕ ಬಿಚ್ಚದೆ ಕಾದೆ. ಅವ್ವ ಬೈದಳು, ಪಕ್ಕದ ಮನೆಯವರು ಬಂದು ನೋಡಿಕೊಂಡು ಹೋದರು. ಅಕ್ಕ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಹೇಳಿಯೂ ಕಳಿಸಲಿಲ್ಲ. ಉಳಿದ ಮೂರು ದಿನದಲ್ಲಿ ಸಿಟ್ಟಿನಿಂದಲೇ ಪುಟ ತಿರುವಿ ಮುಗಿಸಿದೆ. ಆ ಭಾಗದಲ್ಲಿ ವಸುಮತಿಯ ಸುದ್ದಿಯೇ ಇರಲಿಲ್ಲ.

ಆ ವರ್ಷದ ಹಬ್ಬದ ದಿನ ಅವ್ವ ಸೌತೆಕಾಯಿ ಹೆಚ್ಚುತ್ತಾ, ಏನೇ ಆಗಲಿ ಆ ವಸುಮತಿ ವಾಪಸು ಬಂದೇ ಬರುತ್ತಾಳೆ ಅಂತ ನನಗೆ ಹೇಳಿದಳು. ಅಕ್ಕ ಅಲ್ಲೇ ಕೂತಿದ್ದಾಳೆ ಅನ್ನುವುದು ಅವಳಿಗೆ ಮರೆತೇ ಹೋಗಿತ್ತು. ನಾನು ಗಾಬರಿಯಿಂದ ಅಕ್ಕನ ಮುಖ ನೋಡಿದೆ. ಅವಳು ಸರಕ್ಕನೆ ಗೋಡೆಯ ಕಡೆ ತಿರುಗಿಕೊಂಡಳು. ಆ ತಿರುಗುವಿಕೆಯಲ್ಲೇ ನನಗೆಲ್ಲ ಗೊತ್ತಾಗಿಹೋಯಿತು. ಬರುವುದಿಲ್ಲ, ವಸುಮತಿ ಎಲ್ಲೋ ಸತ್ತಿದ್ದಾಳೆ. ಮೂರು ವರ್ಷ ನಾನು ಆ ಹುಡುಗಿಗಾಗಿ ಒಳಗೊಳಗೇ ಸೂತಕ ಹಿಡಿದೆ. ಆಮೇಲೆ ಐದನೇ ಭಾಗ ಬಂತು. ನೋಡಿದರೆ ವಸುಮತಿ ಮೂರನೇ ಅಧ್ಯಾಯದಲ್ಲೇ ಚೀಲ ಹಿಡಿದು ಮನೆಗೆ ಬಂದಿದ್ದಾಳೆ! ಊರಿನವರೆಲ್ಲ ಆ ಅಧ್ಯಾಯಕ್ಕೆ ಸಂತೋಷದಿಂದ ಅತ್ತರಂತೆ. ನಾನು ಪುಸ್ತಕ ಮಡಿಲಲ್ಲಿಟ್ಟುಕೊಂಡು ಬೇರೆಯದೇ ಯೋಚನೆ ಮಾಡಿದೆ. ಹಾಗಾದರೆ ಅಕ್ಕ ಗೋಡೆಗೆ ತಿರುಗಿದ್ದು ವಸುಮತಿಗಾಗಿ ಅಲ್ಲ. ನಮ್ಮ ಮಾತು ಕೇಳಲಾಗದೆ. ಐದು ವರ್ಷದ ಹಳೆಯ ವಿಷಯಕ್ಕೆ ಕೆಳಗಿನ ಬೀದಿಯವರು ಕಣ್ಣರಳಿಸುವುದು ಕಂಡು ಅವಳಿಗೆ ನಾಚಿಕೆಯಾಗಿರಬೇಕು.

ಅದು ನನ್ನೊಳಗೆ ಮುಳ್ಳಾಗಿ ಕೂತುಬಿಟ್ಟಿತು. ಅವ್ವ ತೀರಿಕೊಂಡ ಮೇಲೆ ಅಕ್ಕ ಹಬ್ಬಕ್ಕೂ ಬರುವುದು ನಿಂತಿತು. ದಿನಾ ಬೆಳಿಗ್ಗೆ ನಾನು ಅವಳ ಮನೆ ಮುಂದಿನ ವಾಲ್ವು ತಿರುಗಿಸುತ್ತಿದ್ದೆ. ಅವಳು ಕೊಡ ಹಿಡಿದು ನಿಂತಿರುತ್ತಿದ್ದಳು. ಚೆನ್ನಾಗಿದ್ದೀಯಾ? ಹೂಂ, ನೀನು? ಹೂಂ. ಹತ್ತೊಂಬತ್ತು ವರ್ಷ ಇಷ್ಟೇ. ಆದರೂ ನಾನು ಒಂದು ಭಾಗ ಬಿಡದೆ ಓದಿದೆ. ನಿಜ ಹೇಳಬೇಕೆಂದರೆ ಆರನೇ ಭಾಗದ ಮೇಲೆ ಪುಸ್ತಕದಲ್ಲಿ ರುಚಿ ಕಡಿಮೆಯಾಗಿತ್ತು. ಬರೆದವಳಿಗೂ ಸುಸ್ತಾಗಿತ್ತು, ಓದುವ ನನಗೂ. ನಡುವಿನ ಹುಡುಗಿ ಇಂದು ಎರಡು ಸಲ ಒಂದೇ ಹುಡುಗನ ಜೊತೆ ಜಗಳ ಮಾಡಿಕೊಂಡಳು, ಒಂದು ಸಲ ಅವನ ಹೆಸರೇ ಬದಲಾಗಿತ್ತು. ಹಾಗಿದ್ದರೂ ಇಡೀ ದಿನ ಬೀದಿ ಹತ್ತಿ ಇಳಿದು ಬಂದು, ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಕಣ್ಣು ಎಳೆಯುತ್ತಿದ್ದರೂ ಓದುತ್ತಿದ್ದೆ. ಒಂದಲ್ಲ ಒಂದು ದಿನ ಹನ್ನೆರಡನೇ ಭಾಗ ಬರುತ್ತದೆ, ಅದೇ ಕೊನೆಯದಂತೆ, ಆಗ ನಮ್ಮ ಬಾಗಿಲ ಅಂಕಿಯೂ ಅಕ್ಕನ ಬಾಗಿಲ ಅಂಕಿಯೂ ಒಂದೇ ಆಗುತ್ತದೆ, ಆಗ ಅವಳು ನನ್ನ ಜೊತೆ ಮಾತಾಡಲೇಬೇಕು. ಇದೊಂದು ಆಸೆ ನನಗಿತ್ತು.

ನಮ್ಮ ಬಾಗಿಲ ಮೇಲೆ ಹತ್ತು ಬಂದು ಎರಡು ವರ್ಷವಾಗಿತ್ತು. ಆ ಹೊತ್ತಿಗೆ ಭಾವ ಹೋದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ಒಂಬತ್ತನೇ ಮನೆಯಲ್ಲಿ ಮೈದುನನ ಸಂಸಾರ ದೊಡ್ಡದು, ಅಕ್ಕನಿಗೆ ಅಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ತಿಂಗಳು ಕಳೆದು ಒಂದು ಟ್ರಂಕು ಹಿಡಿದು ಮಗಳ ಜೊತೆ ನಮ್ಮ ಮನೆಗೆ ಬಂದಳು. ಮಗಳು ಸಿರಿಗೌರಿ, ಹದಿನಾರು ವರ್ಷ. ಗಡುಸು ಮುಖದ ಹುಡುಗಿ. ಬಂದ ದಿನವೇ ಮೂಲೆಯೊಂದನ್ನು ಹಿಡಿದುಕೊಂಡು ಕೂತಳು. ತಾಯಿಮಗಳು ಇಬ್ಬರೂ ಹನ್ನೆರಡು ಮುಗಿಸಿದವರು, ನಾನು ಹತ್ತು. ಹನ್ನೊಂದು ನಮ್ಮ ಮನೆ ಮುಟ್ಟಲು ಇನ್ನೂ ಒಂದು ವರ್ಷ, ಹನ್ನೆರಡಕ್ಕೆ ನಾಲ್ಕು ವರ್ಷ. ಅಲ್ಲಿಯವರೆಗೆ ಒಂದೇ ಸೂರಿನಡಿ ಇದ್ದರೂ ಬಾಯಿ ಬಿಡುವಂತಿಲ್ಲ.

ನಾಲ್ಕು ತಿಂಗಳು ಮೂವರು ಹೆಂಗಸರು ಒಂದು ಮನೆಯಲ್ಲಿ ಮಾತಿಲ್ಲದೆ ಇದ್ದೆವು. ಉಪ್ಪು ಹಾಕಿದ್ದೀಯಾ, ದೀಪ ಆರಿಸು, ಅಷ್ಟೇ. ಸಿರಿ ಒಂದು ಸಲ ಏನೋ ನೆನೆಸಿಕೊಂಡು ತನ್ನಷ್ಟಕ್ಕೆ ನಕ್ಕಳು. ಏನೇ ಅಂದೆ. ಏನಿಲ್ಲ ಚಿಕ್ಕಮ್ಮ ಅಂತ ತುಟಿ ಕಚ್ಚಿಕೊಂಡಳು. ಪುಸ್ತಕದ್ದೇ ಇರಬೇಕು ಅಂತ ನಾನು ಎದ್ದು ಹೊರಗೆ ಹೋದೆ. ಅಕ್ಕನಂತೂ ನನ್ನ ಮುಖವನ್ನೇ ನೋಡುತ್ತಿರಲಿಲ್ಲ. ನಾನು ನೋಡಿದರೆ ಅವಳು ಒಲೆ ನೋಡುತ್ತಿದ್ದಳು. ಈ ವಯಸ್ಸಿಗೂ ನನ್ನನ್ನು ಕಂಡರೆ ನಾಚಿಕೆಯೇ ಇವಳಿಗೆ ಅಂತ ನನ್ನ ಹೊಟ್ಟೆ ಉರಿಯುತ್ತಿತ್ತು.

ಒಂದು ಗುರುವಾರ ಅವಳ ಮೈದುನ ಬಂದ. ಹಿಂದಿನ ಕೋಣೆ ಖಾಲಿ ಮಾಡಿಸಿದ್ದೇವೆ ಅತ್ತಿಗೆ, ಹುಡುಗಿಯ ಕಾಲೇಜೂ ಅಲ್ಲೇ ಹತ್ತಿರ, ಸೋಮವಾರ ಬಂದುಬಿಡಿ ಅಂದ. ಅಕ್ಕ ನನ್ನ ಕಡೆ ಒಂದು ಸಲ ನೋಡಿ, ಆಗಲಿ ಅಂದಳು. ಅವನು ಹೋದ ಮೇಲೆ ನಾನು ಯಾಕೆ ಅಂತ ಕೇಳಿದೆ. ಇಲ್ಲಿ ಉಸಿರು ಕಟ್ಟಿದ ಹಾಗಾಗುತ್ತದೆ ದೇವೀರಿ, ನಿನಗೂ ಕಷ್ಟ ನನಗೂ ಕಷ್ಟ ಅಂದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಈ ಸಲ ಹೋದರೆ ಮುಗಿಯಿತು, ಮತ್ತೆ ಕೊಡ ಹಿಡಿದು ನಿಲ್ಲುವುದು, ಹೂಂ ಅನ್ನುವುದು, ಹಾಗೇ ಇಬ್ಬರೂ ಸಾಯುವುದು. ಶುಕ್ರವಾರವೆಲ್ಲ ನಾನು ವಾಲ್ವು ತಿರುಗಿಸುತ್ತಾ ಅದನ್ನೇ ಯೋಚಿಸಿದೆ. ಎಪ್ಪತ್ತನೇ ಮನೆಯ ಹತ್ತಿರ ತೆರೆದ ವಾಲ್ವು ಮುಚ್ಚುವುದು ಮರೆತು ಅವರ ಅಂಗಳವೆಲ್ಲ ಕೆಸರಾಯಿತು, ಬೈಸಿಕೊಂಡೆ.

ಶನಿವಾರ ಕೆಲಸ ಮುಗಿಸಿ ನೇರ ಸುಬ್ಬಕ್ಕನ ಮನೆಗೆ ಹೋದೆ. ನಮ್ಮ ಅಂಕಿ ಅಳಿಸಿಬಿಡು ಅಂದೆ. ಅಂಕಿ ಅಳಿಸಿದ ಮನೆಗೆ ಯಾವ ಕಟ್ಟೂ ಇಲ್ಲ. ಅಲ್ಲಿ ಯಾರು ಯಾರಿಗೆ ಏನು ಬೇಕಾದರೂ ಹೇಳಬಹುದು. ಆದರೆ ಪುಸ್ತಕ ಆ ಬಾಗಿಲನ್ನು ದಾಟಿಕೊಂಡು ಹೋಗುತ್ತದೆ. ಒಂದು ಸಲ ಅಳಿಸಿದ್ದನ್ನು ಮತ್ತೆ ಬರೆಯುವ ಪದ್ಧತಿ ಇಲ್ಲ. ಸುಬ್ಬಕ್ಕ ಹಲ್ಲಿಲ್ಲದ ಬಾಯಿ ತೆರೆದು ನನ್ನನ್ನೇ ನೋಡಿದಳು. ತಲೆ ಕೆಟ್ಟಿದೆಯಾ ಅಂದಳು. ಕೂರಿಸಿ ನೀರು ಕೊಟ್ಟಳು.

“ಇನ್ನೆರಡೇ ಭಾಗ ಕಣೆ ಉಳಿದಿರೋದು. ಇಷ್ಟು ವರ್ಷ ಓದಿ ಈಗ ಬಿಡ್ತೀನಿ ಅಂತೀಯಲ್ಲ.”

“ಸಾಕಾಗಿದೆ ಸುಬ್ಬಕ್ಕ. ಹೇಳೋರು ಮನೇಲೇ ಇದ್ದಾರೆ, ಹೇಳಿಸ್ಕೋತೀನಿ.”

“ಹೇಳಿಸ್ಕೊಂಡಿದ್ದು ಓದಿದ ಹಾಗೆ ಆಗುತ್ತೇನೆ?”

ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಿಸಿಕೊಂಡರೆ ಅಕ್ಕನ ದನಿ ಕೇಳಿಸುತ್ತದೆ, ಓದಿದರೆ ಕೇಳಿಸುವುದಿಲ್ಲ, ಅಷ್ಟೇ ನನಗೆ ಬೇಕಾದದ್ದು ಅಂದೆ. ಮುದುಕಿ ಎದ್ದು ಒಂದು ಬಟ್ಟೆ ಒದ್ದೆ ಮಾಡಿಕೊಂಡಳು. ಕೋಲೂರಿಕೊಂಡು ನನ್ನ ಜೊತೆ ಬೀದಿಯುದ್ದಕ್ಕೂ ಇಳಿದು ಬಂದಳು. ದಾರಿಯಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಂಡಳು. ಒದ್ದೆ ಬಟ್ಟೆಯಿಂದ ನಮ್ಮ ಬಾಗಿಲ ಮೇಲಿನ ಹತ್ತನ್ನು ಒರೆಸುವಾಗ ಎದುರು ಮನೆಯವರು ಹೊರಗೆ ಬಂದು ನಿಂತು ಬಾಯಿಗೆ ಸೆರಗು ಹಿಡಿದರು, ಯಾರೋ ಸತ್ತಿದ್ದಾರೆ ಅನ್ನುವ ಹಾಗೆ. ನಾನೂ ಒಂದು ಗಳಿಗೆ ಆ ಜಾಗವನ್ನೇ ನೋಡುತ್ತಾ ನಿಂತೆ. ಗುಬ್ಬಿ ಕೊನೆಗೂ ಹದಿನೆಂಟು ದಾಟುವುದನ್ನು ನಾನು ನನ್ನ ಕಣ್ಣಿನಿಂದ ಓದುವ ಹಾಗಿಲ್ಲ.

ಒಳಗೆ ಅಕ್ಕ ಸೀರೆ ಮಡಿಸಿ ಟ್ರಂಕಿಗೆ ತುಂಬುತ್ತಿದ್ದಳು. ಸಿರಿ ಅಡುಗೆಮನೆಯ ಹೊಸ್ತಿಲ ಮೇಲೆ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು. ಬಾಗಿಲು ನೋಡು ಅಂತ ಅಕ್ಕನ ಕೈ ಹಿಡಿದು ಎಳೆದುಕೊಂಡು ಬಂದೆ. ಖಾಲಿ ಚೌಕಟ್ಟು ನೋಡಿ ಅವಳ ಮುಖದ ಬಣ್ಣವೇ ಇಳಿದುಹೋಯಿತು. ಏನು ಮಾಡಿದೆ ನೀನು ಅಂತ ಎರಡು ಸಲ ಕೇಳಿದಳು.

“ಇನ್ನು ಈ ಮನೇಲಿ ಕಟ್ಟು ಇಲ್ಲ ಅಕ್ಕ. ಹನ್ನೊಂದು, ಹನ್ನೆರಡು, ಎಲ್ಲ ಹೇಳು. ನನ್ನ ಹತ್ರ ಕೂತು ಮಾತಾಡು. ಆಮೇಲೆ ಬೇಕಾದ್ರೆ ಹೋಗು.”

ಅಕ್ಕ ಹೋಗಿ ಟ್ರಂಕಿನ ಪಕ್ಕ ನೆಲದ ಮೇಲೆ ಕೂತಳು. ನಾನು ಎದುರಿಗೆ ಕೂತೆ. ಅವಳು ಕೈಯಲ್ಲಿದ್ದ ರವಿಕೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಕಾದೆ. ಆಮೇಲೆ ನನಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಒಳಗಿಟ್ಟುಕೊಂಡದ್ದು ಒಂದೇ ಸಮ ಹೊರಗೆ ಬಂತು. ನಾಲ್ಕನೇ ಭಾಗ ಬಂದಾಗ ಆರು ದಿನ ಕಾದದ್ದು, ಅವಳು ಗೋಡೆಗೆ ತಿರುಗಿಕೊಂಡದ್ದು, ಮೇಲಿನ ಬೀದಿಯವಳಾದ ಕೂಡಲೇ ನಮ್ಮನ್ನು ಕಂಡರೆ ತಾತ್ಸಾರ ಬಂದದ್ದು, ಈಗ ಮನೆಯ ಸರದಿಯನ್ನೇ ತೆಗೆದು ಅವಳ ಮುಂದೆ ಇಟ್ಟರೂ ಅವಳಿಗೆ ನಾಲಿಗೆ ಎತ್ತಲು ಭಾರ. ನಿನಗೋಸ್ಕರ ಓದಿದೆ ಕಣೆ ಆ ದರಿದ್ರ ಪುಸ್ತಕವನ್ನು, ನಿನ್ನ ಅಂಕಿ ಮುಟ್ಟಬೇಕು ಅಂತ ಓದಿದೆ, ಅಂದೆ. ದನಿ ಎಷ್ಟು ಎತ್ತರಕ್ಕೆ ಹೋಗಿತ್ತೋ ಏನೋ, ಪಕ್ಕದ ಮನೆಯ ನಾಯಿ ಬೊಗಳಲು ಶುರು ಮಾಡಿತು.

ಹೊಸ್ತಿಲಿನಿಂದ ಸಿರಿ ಹೇಳಿದಳು, “ಅಮ್ಮಂಗೇನೂ ಗೊತ್ತಿಲ್ಲ ಚಿಕ್ಕಮ್ಮ. ಅಮ್ಮ ಓದೇ ಇಲ್ಲ.”

ಅಕ್ಕ ಮಗಳನ್ನು ಗದರಲು ಹೋದಳು. ಸಿರಿ ಬೆಳ್ಳುಳ್ಳಿಯ ತಟ್ಟೆ ಕೆಳಗಿಟ್ಟು ಎದ್ದು ಬಂದಳು. ಚಿಕ್ಕಂದಿನಿಂದ ತಾನು ನೋಡಿದ್ದೇನೆ ಅಂದಳು. ಪುಸ್ತಕ ಮನೆಗೆ ಬಂದರೆ ಅಮ್ಮ ಎಲ್ಲರ ಮುಂದೆ ಬಿಚ್ಚಿಕೊಂಡು ಕೂರುತ್ತಾಳೆ, ಪುಟ ತಿರುವುತ್ತಾಳೆ, ಕಣ್ಣು ಮಾತ್ರ ಕಿಟಕಿಯ ಹೊರಗೆ. ಕೊನೆಯ ದಿನ ಅರಿಸಿನದ ಬೆರಳು ಒತ್ತಿಬಿಡುತ್ತಾಳೆ. ಸುಳ್ಳು ಬೆರಳು ಒತ್ತಿದ್ದು ಗೊತ್ತಾದರೆ ಒಂಬತ್ತನೇ ಮನೆಯ ಸರದಿಯೇ ಹೋಗುತ್ತಿತ್ತು, ಅದಕ್ಕೆ ತಾನೂ ಬಾಯಿ ಬಿಟ್ಟಿರಲಿಲ್ಲ. ಹಳೆಯ ಭಾಗಗಳನ್ನೆಲ್ಲ ಹೇಳುತ್ತಿದ್ದ ಅಜ್ಜಿ ಹೋದ ಮೇಲೆ ತನಗೂ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ ಅಂತ ಕೊನೆಯಲ್ಲಿ ಸಣ್ಣಗೆ ಹೇಳಿದಳು.

ಆಮೇಲೆ ಅಕ್ಕ ತಾನೇ ಹೇಳಿದಳು, ತಡೆದು ತಡೆದು. ಅವಳು ಮದುವೆಯಾಗಿ ಹೋಗುವ ಹೊತ್ತಿಗೆ ನಾಲ್ಕನೇ ಭಾಗ ಆ ಮನೆಯನ್ನು ದಾಟಿ ಕೆಳಗಿಳಿದಾಗಿತ್ತು. ಅವಳ ಕೈಗೆ ಮೊದಲು ಬಂದದ್ದು ಐದು. ನಡುವೆ ಒಂದು ಭಾಗವೇ ಇಲ್ಲ. ಅತ್ತೆ ನಾಲ್ಕನೇ ಭಾಗವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಲು ಬಂದರೆ ಇವಳು ಕಿವಿ ಮುಚ್ಚಿಕೊಂಡಳಂತೆ. ತವರಿಗೆ ನಾಲ್ಕು ಬಂದಾಗ ಹೋಗಿ ದೇವೀರಿಯ ಜೊತೆ ಓದುತ್ತೇನೆ, ಆಮೇಲೆ ಐದು ಹೇಗಾದರೂ ಅವಳ ಜೊತೆಯೇ, ಅಂದುಕೊಂಡಿದ್ದಳು. ನಾನು ಹೇಳಿ ಕಳಿಸಿದ್ದು ಅತ್ತೆಯ ಕಿವಿಗೆ ಬಿತ್ತು, ಅಕ್ಕನ ಕಿವಿಗೆ ಬೀಳಲಿಲ್ಲ. ಅವಳಿಗೆ ಗೊತ್ತಾಗುವ ಹೊತ್ತಿಗೆ ಪುಸ್ತಕ ಇನ್ನೂರ ಹತ್ತನೇ ಮನೆಯ ಹತ್ತಿರ ಇತ್ತು. ಐದರ ಮೇಲೆ ಆಗಲೇ ಸುಳ್ಳು ಬೆರಳು ಬಿದ್ದಿತ್ತು. ಒಂದು ಸಲ ಸುಳ್ಳು ಒತ್ತಿದ ಮೇಲೆ ಆರರ ಮೇಲೂ ಒತ್ತಬೇಕಾಯಿತು, ಏಳರ ಮೇಲೂ. ಆ ಹಬ್ಬದ ದಿನ ಅವ್ವ ಮೈಮರೆತು ವಸುಮತಿಯ ಹೆಸರೆತ್ತಿದಳು. ಇನ್ನೂ ಹೇಳು, ಇನ್ನೂ ಹೇಳು ಅಂತ ಜೀವ ಬಡಿದುಕೊಳ್ಳುತ್ತಿತ್ತು, ಮುಖದಲ್ಲಿ ಅದು ಕಂಡುಬಿಟ್ಟೀತು ಅಂತ ಗೋಡೆಗೆ ತಿರುಗಿಕೊಂಡೆ ಅಂದಳು.

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ನನ್ನ ಕೆನ್ನೆಗೂ. ಅವಳನ್ನು ಮುಟ್ಟಬೇಕು ಅಂತ ನಾನು ಹತ್ತು ಭಾಗ ಓದಿಕೊಂಡು ಓಡುತ್ತಿದ್ದೇನೆ, ಅವಳು ನನಗಾಗಿ ಮೂರರಲ್ಲೇ ನಿಂತಿದ್ದಾಳೆ. ನಾನು ಪ್ರತಿಯೊಂದು ಭಾಗ ಮುಗಿಸಿದಾಗಲೂ ಅವಳಿಂದ ಇನ್ನಷ್ಟು ದೂರ ಹೋದೆನೇ ಹೊರತು ಹತ್ತಿರ ಬರಲಿಲ್ಲ. ಎಂಥ ಪೆದ್ದಮುಂಡೇವು ನಾವಿಬ್ಬರೂ ಅಂದೆ. ಅಳಲೂ ತ್ರಾಣವಿರಲಿಲ್ಲ. ಹಾಗೇ ಗೋಡೆಗೆ ಒರಗಿ ಕಾಲು ಚಾಚಿ ಕೂತೆ.

ಆಮೇಲೆ ಅಕ್ಕ ನನ್ನ ಹತ್ತಿರ ಸರಿದು ಬಂದಳು. ಕೇಳಲೋ ಬೇಡವೋ ಅನ್ನುವ ಹಾಗೆ ಒಂದು ಸಲ ಖಾಲಿ ಬಾಗಿಲ ಕಡೆ ನೋಡಿದಳು.

“ವಸುಮತಿ ಮನೆಗೆ ಬಂದ್ಲಾ ದೇವೀರಿ?”

“ಬಂದ್ಲು ಕಣಕ್ಕ. ಐದನೇ ಭಾಗದಲ್ಲೇ ಬಂದ್ಲು.”

ಅವಳು ಐದನೇ ಭಾಗ ನಮ್ಮ ಮನೆಗೆ ಬಂದು ಎಷ್ಟು ವರ್ಷವಾಯಿತು ಅಂತ ಕೇಳಿದಳು. ಹದಿನೇಳು ಅಂದೆ. ಅವಳ ಕಣ್ಣಲ್ಲಿ ನೀರು ತುಂಬಿ ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

“ಹದಿನೇಳು ವರ್ಷದಿಂದ ಮನೇಲಿದ್ದಾಳಾ? ನಾನು ಇನ್ನೂ ಅವಳು ರಸ್ತೇಲೇ ನಿಂತಿದ್ದಾಳೆ ಅಂತಿದ್ದೆನಲ್ಲೇ.”

ಸಿರಿ ಬಂದು ತಾಯಿಯ ಬೆನ್ನ ಹಿಂದೆ ಕೂತಳು. ಅನಸೂಯಾ ಬೈದಳಾ, ಏನಂದಳು ಅಂತ ಅಕ್ಕ ಕೇಳಿದಳು. ಬೈಯಲಿಲ್ಲ, ತಟ್ಟೆ ಹಾಕಿದಳು ಅಂದೆ. ಅಲ್ಲ ಚಿಕ್ಕಮ್ಮ, ಮೊದಲು ಗಿರಣಿ ನಿಲ್ಲಿಸಿದಳು, ಆಮೇಲೆ ತಟ್ಟೆ ಹಾಕಿದಳು ಅಂತ ಸಿರಿ ತಿದ್ದಿದಳು. ಅವಳು ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಸರಿ, ಅವಳೇ ಸರಿ ಅಂತ ಒಪ್ಪಿಕೊಂಡೆ. ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿದಳು. ಹೀಗೆ ನಡುವಿನಿಂದ ಬೇಡ, ನಾಲ್ಕರಿಂದ ಶುರು ಮಾಡಿ, ಒಂದನ್ನೂ ಬಿಡಬೇಡಿ, ನೀನು ಹತ್ತರವರೆಗೆ ಹೇಳು, ಆಮೇಲಿನದು ಇವಳು ಹೇಳಲಿ ಅಂದಳು. ಆಮೇಲೆ ತೆರೆದ ಟ್ರಂಕಿನ ಕಡೆ ತಿರುಗಿ, ಸೋಮವಾರದೊಳಗೆ ಮುಗಿಯುತ್ತದಾ ಅಂತ ಮೆಲ್ಲಗೆ ಕೇಳಿದಳು.

“ಒಂಬತ್ತು ಭಾಗ ಇದೆ ಅಮ್ಮ,” ಅಂದಳು ಸಿರಿ. “ಸೋಮವಾರಕ್ಕೆ ಎಲ್ಲಿ ಮುಗಿಯುತ್ತೆ?”

“ಹಾಗಾದ್ರೆ ನಿಮ್ಮ ಚಿಕ್ಕಪ್ಪಂಗೆ ಹೇಳಿ ಕಳಿಸು, ಬರಲ್ಲ ಅಂತ.”

ನನಗೆ ನಿಜವಾಗಲೂ ಸುಸ್ತಾಗಿತ್ತು, ಬೆಳಿಗ್ಗೆಯಿಂದ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಅಕ್ಕ ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನಾನು ನಾಲ್ಕನೇ ಭಾಗ ಶುರು ಮಾಡಿದೆ.